ಬೆಟ್ಟಕ್ಕೆ ಬಸ್ಸಿನ ದಾರಿ: ಕುಮಾರಪರ್ವತದ ಕಾಲ್ನಡಿಗೆಗೆ ಒಂದು ಯೋಜನೆ

ಪ್ರವಾಸದಿಂದ ಜ್ಞಾನ ಬೆಳೆಯುತ್ತದೆಂಬ ಮಾತನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಿಂದಲೇ ಪ್ರಬಂಧಗಳಲ್ಲಿ ಬರೆಯುತ್ತ ಬಂದಿದ್ದೇವೆ. ಹಾಗೆ ಬರೆದವರಲ್ಲಿ ಎಷ್ಟು ಮಂದಿ ಪ್ರವಾಸ ಹೋಗಿದ್ದರೆಂಬುದು ಬೇರೆಯ ಪ್ರಶ್ನೆ. ನಮ್ಮ ಕಾಲೇಜಿನಲ್ಲಿಯೂ ಡಿಸೆಂಬರು ಬಂತೆಂದರೆ ಪ್ರವಾಸದ ಮಾತು ಏಳುತ್ತದೆ. ಬಾಡಿಗೆ ಬಸ್ಸನ್ನು ಗೊತ್ತುಮಾಡುತ್ತಾರೆ. ತಲೆಗೆ ಇಷ್ಟೆಂದು ವಂತಿಗೆಯ ಮೊತ್ತ ಸೂಚನಾಫಲಕದ ಮೇಲೆ ಬರುತ್ತದೆ. ಅದನ್ನು ಓದಿ ಕೆಲವರು ಹೆಸರು ಕೊಡುತ್ತಾರೆ, ಇನ್ನು ಕೆಲವರು ಆ ದಿನ ಊರಿನಲ್ಲಿ ಹಬ್ಬವಿದೆಯೆಂದು ಹೇಳಿ ಸುಮ್ಮನಾಗುತ್ತಾರೆ. ಯಾವ ಹಬ್ಬವೆಂದು ಯಾರೂ ಕೇಳುವುದಿಲ್ಲ.

ಬಾಡಿಗೆ ಬಸ್ಸಿನ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ನಲವತ್ತು ಮಂದಿಗೆ ಹಂಚಿದ ಬಾಡಿಗೆ, ಹತ್ತು ಮಂದಿ ಬಿಟ್ಟುಹೋದರೆ, ಉಳಿದ ಮೂವತ್ತು ಮಂದಿಯ ತಲೆಯ ಮೇಲೆ ಮೊದಲಿನದರ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಿ ಬೀಳುತ್ತದೆ. ಹೆಚ್ಚಾದುದನ್ನು ನೋಡಿ ಮತ್ತೆ ಮೂವರು ಬಿಡುತ್ತಾರೆ. ಬಡವನು ಬಿಟ್ಟರೆ ಅವನಿಗಿಂತ ಸ್ವಲ್ಪವೇ ಅನುಕೂಲಸ್ಥನಾದವನಿಗೂ ಪ್ರವಾಸ ದುಬಾರಿಯಾಗುವ ಈ ಏರ್ಪಾಟಿನಲ್ಲಿ, ಕೊನೆಗೆ ಹೋಗುವವರು ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ. ಮೊದಲನೆಯ ವರ್ಷದಿಂದಲೂ ಹಬ್ಬದ ನೆಪ ಹೇಳಿದವರಲ್ಲಿ ನಾನೂ ಒಬ್ಬಳು. ಸಾರಿಗೆ ಬಸ್ಸಿನಲ್ಲಾದರೋ ಪ್ರತಿಯೊಬ್ಬನ ಚೀಟಿ ಪ್ರತಿಯೊಬ್ಬನದು. ಒಬ್ಬನು ಬಾರದಿದ್ದರೆ ಮತ್ತೊಬ್ಬನಿಗೆ ನಷ್ಟವಿಲ್ಲ. ಅದರ ಮೇಲೆ, ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಈ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಚೀಟಿಗೆ ಹಣವೇ ಇಲ್ಲ. ನಮ್ಮ ಮನೆಗಳಲ್ಲಿ ಈ ಸೌಕರ್ಯವನ್ನು ಆಸ್ಪತ್ರೆಗೆ, ದೇವರಿಗೆ, ತವರಿಗೆ ಎಂದು ಬಳಸಿದ್ದಾರೆ. ಒಂದು ಬೆಟ್ಟವನ್ನು ನೋಡಲು ಬಳಸಬಾರದೇಕೆ ಎಂದು ಯೋಚಿಸಿ ಈ ಯೋಜನೆಯನ್ನು ಸಿದ್ಧಪಡಿಸಿದ್ದೇನೆ. ಬರುವ ಡಿಸೆಂಬರಿನ ಪ್ರವಾಸವನ್ನು ಗೊತ್ತುಮಾಡುವ ಮೊದಲು ಅಧ್ಯಾಪಕರೂ ಸಹಪಾಠಿಗಳೂ ಇದನ್ನು ಒಮ್ಮೆ ಓದಬೇಕೆಂದು ಕೋರುತ್ತೇನೆ.

ಉದಾಹರಣೆಗಾಗಿ ಆರಿಸಿಕೊಂಡಿರುವುದು ಕುಮಾರಪರ್ವತ. ಕೊಡಗಿನವರು ಇದನ್ನೇ ಪುಷ್ಪಗಿರಿ ಎನ್ನುತ್ತಾರೆ. ಎತ್ತರ ೧,೭೧೨ ಮೀಟರು. ಕೊಡಗಿನಲ್ಲಿ ಇದಕ್ಕಿಂತ ಎತ್ತರವಾದುದು ೧,೭೪೮ ಮೀಟರಿನ ತಡಿಯಂಡಮೋಳು ಒಂದೇ. ಪರ್ವತದ ಪೂರ್ವಕ್ಕೆ ಸೋಮವಾರಪೇಟೆಯ ಕಾಫಿ ತೋಟಗಳು, ಪಶ್ಚಿಮಕ್ಕೆ ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರ. ಎರಡು ಕಡೆಯಿಂದಲೂ ಕಾಲುದಾರಿಯಿದೆ. ಕುಕ್ಕೆಯಿಂದ ಹತ್ತಿದರೆ ಸುಮಾರು ೧೩ ಕಿಲೋಮೀಟರು. ಸೋಮವಾರಪೇಟೆಗೆ ೨೫ ಕಿಲೋಮೀಟರಿನಷ್ಟು ದೂರದ ಬೀದಳ್ಳಿಯ ಕಡೆಯಿಂದ ಹತ್ತಿದರೆ ಸುಮಾರು ೭ ಕಿಲೋಮೀಟರು.

ಈ ಪರ್ವತವನ್ನೇ ಏಕೆ ಆರಿಸಿದೆನೆಂದರೆ, ಇದು ಸ್ವಂತ ವಾಹನದವರಿಗೆ ಸಾಧ್ಯವಿಲ್ಲದ ಒಂದು ಸಂತೋಷವನ್ನು ಬಸ್ಸಿನವರಿಗೆ ಕೊಡುತ್ತದೆ. ಕಾರಿನಲ್ಲಿ ಹೋದವನು ಕಾರು ನಿಲ್ಲಿಸಿದಲ್ಲಿಗೇ ಹಿಂದಿರುಗಬೇಕು. ಬೆಟ್ಟದ ತುದಿ ಮುಟ್ಟಿ, ಆಚೆಯ ಕಣಿವೆಯನ್ನು ಕಣ್ಣಾರೆ ಕಂಡು, ಬಂದ ದಾರಿಯಲ್ಲೇ ಇಳಿಯಬೇಕು. ಗೂಟಕ್ಕೆ ಕಟ್ಟಿದ ಹಸು ಹಗ್ಗದ ಉದ್ದಕ್ಕೆ ಮೇಯುವಂತೆ. ಬಸ್ಸಿನಲ್ಲಿ ಹೋದವನಿಗೆ ಆ ಹಗ್ಗವಿಲ್ಲ. ಹಾಸನದಿಂದ ಬಸ್ಸಿನಲ್ಲಿ ಸೋಮವಾರಪೇಟೆಗೆ, ಅಲ್ಲಿಂದ ಬೆಟ್ಟದ ಬುಡಕ್ಕೆ. ಬೆಟ್ಟವನ್ನು ದಾಟಿ ಕುಕ್ಕೆಗೆ. ಕುಕ್ಕೆಯಿಂದ ರೈಲಿನಲ್ಲಿ ಘಟ್ಟ ಹತ್ತಿ ಮತ್ತೆ ಹಾಸನಕ್ಕೆ. ಮೂರು ದಿನದ ಈ ಸುತ್ತಿನಲ್ಲಿ ಒಂದು ಮೈಲಿಯನ್ನೂ ಎರಡು ಸಲ ನೋಡಬೇಕಾಗಿಲ್ಲ. ಭೂಗೋಳದ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಲಾಭವೂ ಉಂಟು. ಕುಮಾರಧಾರಾ ನದಿ ಈ ಪರ್ವತಶ್ರೇಣಿಯಲ್ಲಿ ಹುಟ್ಟಿ, ಬೀದಳ್ಳಿಗೆ ಸಮೀಪದ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಕ್ಕೆಯಲ್ಲಿ ಯಾತ್ರಿಕರು ಮೀಯುವ ಹೊಳೆಯಾಗಿ, ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಘಟ್ಟದ ಮೇಲೆ ಜಲಪಾತವಾದ ನೀರನ್ನು ಘಟ್ಟದ ಕೆಳಗೆ ಸ್ನಾನಘಟ್ಟದಲ್ಲಿ ಕಾಣುವ ಅವಕಾಶ ಪಾಠದ ಪುಸ್ತಕದಲ್ಲಿ ಸಿಕ್ಕುವುದಿಲ್ಲ.

ಇನ್ನು ಯೋಜನೆಯ ಮುಖ್ಯ ಪ್ರಶ್ನೆ: ಯಾವ ಕಡೆಯಿಂದ ಹತ್ತಬೇಕು, ಯಾವ ಕಡೆ ಇಳಿಯಬೇಕು? ನೋಡುವುದಕ್ಕೆ ಇದು ರುಚಿಯ ಪ್ರಶ್ನೆಯಂತೆ ತೋರುತ್ತದೆ. ನಿಜವಾಗಿ ಇದನ್ನು ತೀರ್ಮಾನಿಸುವುದು ಬಸ್ಸು.

ಬಸ್ಸಿನ ವೇಳೆಯನ್ನು ವಿಚಾರಿಸುವುದಕ್ಕೆಂದು ನಾನೂ ನನ್ನ ಗೆಳತಿಯೂ ಒಂದು ಶನಿವಾರ ಸೋಮವಾರಪೇಟೆಯ ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ಶಾಂತಳ್ಳಿಯ ಕಡೆಗೆ ಹೊರಡಲು ನಿಂತಿದ್ದ ಬಸ್ಸಿನ ನಿರ್ವಾಹಕರು ವಯಸ್ಸಾದವರು. ಬೆಳಗ್ಗೆ ಆರು ಗಂಟೆಗೆ ಬೆಟ್ಟದ ಬುಡ ಮುಟ್ಟುವಂತೆ ಬಸ್ಸು ಇದೆಯೇ ಎಂದು ಕೇಳಿದೆ.

"ಯಾಕಮ್ಮ, ಯಾರ ಮನೆಗೆ?"

"ಯಾರ ಮನೆಗೂ ಅಲ್ಲಣ್ಣ, ಬೆಟ್ಟ ಹತ್ತೋಕೆ."

ಅವರು ನಕ್ಕರು. "ಬೆಟ್ಟಕ್ಕೆ ಹೋಗೋರಿಗೆ ಅಂತ ಬಸ್ಸು ಬಿಡಲ್ಲ ತಂಗಿ. ಬೆಟ್ಟದ ಕಡೆಯೋರು ಪೇಟೆಗೆ ಬರ್ಲಿ ಅಂತ ಬಿಡೋದು."

ಈ ಒಂದು ಮಾತಿನಲ್ಲಿ ಇಡೀ ವೇಳಾಪಟ್ಟಿಯ ಸೂತ್ರವಿದೆ. ಹಳ್ಳಿಯ ಬಸ್ಸು ಹಳ್ಳಿಯವರದು. ಬೆಳಗ್ಗೆ ಶಾಲೆ ಕಾಲೇಜಿನ ಮಕ್ಕಳನ್ನೂ ಕಚೇರಿ, ಆಸ್ಪತ್ರೆ, ಅಂಗಡಿಯ ಕೆಲಸವಿರುವವರನ್ನೂ ಪೇಟೆಗೆ ಒಯ್ಯುತ್ತದೆ. ಸಂಜೆ ಅವರನ್ನೇ ಮನೆಗೆ ತಲಪಿಸುತ್ತದೆ. ಎಷ್ಟೋ ಊರುಗಳಲ್ಲಿ ರಾತ್ರಿಯ ಬಸ್ಸು ಅಲ್ಲೇ ಹಾಲ್ಟು ಮಾಡಿ, ಮುಂಜಾನೆ ಮೊದಲ ಬಸ್ಸಾಗಿ ಹೊರಡುತ್ತದೆ. ಬೆಟ್ಟ ಹತ್ತುವವನಿಗೆ ಬೇಕಾದುದು ಸರಿಯಾಗಿ ಇದರ ತಲೆಕೆಳಗು. ಅವನಿಗೆ ಬೆಳಗ್ಗೆ ಪೇಟೆಯಿಂದ ಹಳ್ಳಿಗೆ ಹೋಗಬೇಕು, ಸಂಜೆ ಹಳ್ಳಿಯಿಂದ ಪೇಟೆಗೆ ಬರಬೇಕು. ಆದುದರಿಂದಲೇ ಅನೇಕರು ಒಂದೆರಡು ಸಲ ವಿಚಾರಿಸಿ, ಈ ಕಡೆ ಬಸ್ಸಿನ ಸೌಕರ್ಯವಿಲ್ಲವೆಂದು ತೀರ್ಮಾನಿಸಿ ಜೀಪು ಹಿಡಿಯುತ್ತಾರೆ. ಸೌಕರ್ಯ ಇಲ್ಲದೆ ಇಲ್ಲ; ಅದರ ಮುಖ ಬೇರೆ ಕಡೆಗೆ ತಿರುಗಿದೆ, ಅಷ್ಟೆ.

ಹಾಗಿದ್ದರೆ ಹಳ್ಳಿಯವನಂತೆಯೇ ಬಸ್ಸನ್ನು ಬಳಸಬೇಕು. ಅಂದರೆ, ಹಿಂದಿನ ದಿನ ಸಂಜೆ ಶಾಲೆಯ ಮಕ್ಕಳ ಜೊತೆಯಲ್ಲಿ ಬೆಟ್ಟದ ಬುಡಕ್ಕೆ ಹೋಗಿ ರಾತ್ರಿ ಅಲ್ಲಿ ಉಳಿಯಬೇಕು. ಮರುದಿನ ನಡೆದು, ಸಂಜೆ ಬಸ್ಸು ಹುಡುಕುವ ಅಗತ್ಯವೇ ಇಲ್ಲದ ಜಾಗದಲ್ಲಿ ಇಳಿಯಬೇಕು. ಬಸ್ಸು ವಿರಳವಾದ ಕಡೆಯಲ್ಲಿ ಆರಂಭ, ಹೇರಳವಾದ ಕಡೆಯಲ್ಲಿ ಮುಕ್ತಾಯ. ಬೀದಳ್ಳಿಯ ಕಡೆ ಬಸ್ಸು ಬೆರಳೆಣಿಕೆಯದು. ಕುಕ್ಕೆಯಾದರೋ ದೊಡ್ಡ ಯಾತ್ರಾಸ್ಥಳ, ಕಾಲುದಾರಿ ಪೇಟೆಯ ಅಂಚಿಗೇ ಬಂದು ಮುಟ್ಟುತ್ತದೆ, ಇಳಿದವನು ನಡೆದೇ ತಂಗುವ ಜಾಗ ಸೇರಬಹುದು, ದೇವಸ್ಥಾನದಲ್ಲಿ ಊಟವಿದೆ, ಬಸ್ಸುಗಳು ನಾಲ್ಕು ದಿಕ್ಕಿಗೂ ಹೋಗುತ್ತವೆ. ಹೀಗೆ ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದೆಂದು ಬಸ್ಸೇ ತೀರ್ಮಾನ ಕೊಟ್ಟಿತು.

ಕಾಲಿನ ಲೆಕ್ಕವೂ ಇದಕ್ಕೆ ಒಪ್ಪುತ್ತದೆಯೇ ಎಂದು ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬಾತ ೧೮೯೨ರಲ್ಲಿ ಒಂದು ಸುಲಭ ಸೂತ್ರ ಹೇಳಿದ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರು ಏರಿಗೆ ಒಂದು ಗಂಟೆ. ಕಡಿದಾದ ಇಳಿಜಾರಿನಲ್ಲಿ ಮುನ್ನೂರು ಮೀಟರಿಗೆ ಹತ್ತು ನಿಮಿಷದಂತೆ ಸೇರಿಸಬೇಕೆಂದು ಅನಂತರದವರು ತಿದ್ದುಪಡಿ ಮಾಡಿದರು. ಇದು ಅಭ್ಯಾಸವಿರುವವನ ನಡಿಗೆ, ವಿಶ್ರಾಂತಿಯಿಲ್ಲದ ನಡಿಗೆ. ಬೆನ್ನಿಗೆ ಚೀಲ ಹೊತ್ತ ನಮ್ಮಂಥವರಿಗೆ ಬಂದ ಮೊತ್ತದ ಅರ್ಧವನ್ನು ಮತ್ತೆ ಕೂಡಿಸುವುದು ನ್ಯಾಯ.

ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಶಿಖರಕ್ಕೆ ಏರು ಸುಮಾರು ೧,೬೦೦ ಮೀಟರು. ಹದಿಮೂರು ಕಿಲೋಮೀಟರಿಗೆ ೨ ಗಂಟೆ ೩೬ ನಿಮಿಷ, ಏರಿಗೆ ೨ ಗಂಟೆ ೪೦ ನಿಮಿಷ. ಕೂಡಿಸಿದರೆ ೫ ಗಂಟೆ ೧೬ ನಿಮಿಷ. ಅರ್ಧ ಸೇರಿಸಿದರೆ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ಬೆಳಗ್ಗೆ ಆರೂವರೆಗೆ ಹೊರಟವರು ಶಿಖರ ಮುಟ್ಟುವುದು ಮಧ್ಯಾಹ್ನ ಎರಡೂವರೆಗೆ. ಅಲ್ಲಿಂದ ಬೀದಳ್ಳಿಗೆ ಇಳಿಯುವಷ್ಟರಲ್ಲಿ ಐದೂವರೆ ಕಳೆದಿರುತ್ತದೆ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಬಸ್ಸೂ ಪೇಟೆಯ ಕಡೆಗೆ ಇಲ್ಲ. ಈಗ ತಿರುವುಮುರುವಾಗಿ ನೋಡಿ. ಬೀದಳ್ಳಿಯ ಕಡೆ ನೆಲವೇ ಎತ್ತರದಲ್ಲಿದೆ; ಏರನ್ನು ೭೦೦ ಮೀಟರು ಎಂದು ಹಿಡಿಯೋಣ. ದೂರಕ್ಕೆ ೧ ಗಂಟೆ ೨೪ ನಿಮಿಷ, ಏರಿಗೆ ೧ ಗಂಟೆ ೧೦ ನಿಮಿಷ. ಅರ್ಧ ಸೇರಿಸಿದರೆ ನಾಲ್ಕು ಗಂಟೆಯೊಳಗೆ. ಹತ್ತೂವರೆಗೆ ಶಿಖರ, ಅರ್ಧ ಗಂಟೆ ಬುತ್ತಿಯೂಟ, ಹನ್ನೊಂದಕ್ಕೆ ಇಳಿಯಲು ಆರಂಭ. ಇಳಿಯಲು ದೂರಕ್ಕೆ ೨ ಗಂಟೆ ೩೬ ನಿಮಿಷ, ಇಳಿಜಾರಿಗೆ ೫೩ ನಿಮಿಷ, ಅದರ ಮೇಲೆ ಅರ್ಧ: ಹತ್ತಿರ ಹತ್ತಿರ ಐದೂಕಾಲು ಗಂಟೆ. ನಾಲ್ಕೂಕಾಲಕ್ಕೆ ಕುಕ್ಕೆ. ಸೂರ್ಯಾಸ್ತಕ್ಕೆ ಇನ್ನೂ ಎರಡು ಗಂಟೆಯ ಹತ್ತಿರ ಬಿಡುವಿದೆ. ಅದೇ ಬೆಟ್ಟ, ಅದೇ ಇಪ್ಪತ್ತು ಕಿಲೋಮೀಟರು. ಮುಖ ತಿರುಗಿಸಿದ ಮಾತ್ರಕ್ಕೆ ಒಂದು ಗಂಟೆಗೂ ಹೆಚ್ಚು ಉಳಿತಾಯ.

ಇದಲ್ಲದೆ ಬೀದಳ್ಳಿಯ ಕಡೆ ಶಿಖರದ ಹತ್ತಿರ ಬೋಳು ಬಂಡೆಯ ಕಡಿದಾದ ಭಾಗ ಬರುತ್ತದೆ. ಬಂಡೆಯನ್ನು ಹತ್ತುವುದು ಇಳಿಯುವುದಕ್ಕಿಂತ ಕ್ಷೇಮವೆಂಬುದು ತೆಂಗಿನ ಮರ ಹತ್ತಿದವರಿಗೆಲ್ಲ ಗೊತ್ತು. ಅಂತು ಮೂರು ಕಾರಣಗಳೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಒಂದು ಎಚ್ಚರಿಕೆ. ಹನ್ನೊಂದು ಗಂಟೆಯೆಂಬುದನ್ನು ತಂಡದ ನಾಯಕನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಶಿಖರ ಸಿಕ್ಕದಿದ್ದರೆ, ಮಂಜು ಕವಿದರೆ, ಯಾರದಾದರೂ ಕಾಲು ಉಳುಕಿದರೆ, ಬಂದ ದಾರಿಯಲ್ಲೇ ಬೀದಳ್ಳಿಗೆ ಹಿಂದಿರುಗತಕ್ಕದ್ದು. ಆಗ ಹತ್ತಿರದ ಊರು ಅದೇ. ಶಿಖರ ದಾಟಿದ ಮೇಲೆ ಮಾತ್ರ ಹತ್ತಿರ ದೂರಗಳು ಅದಲು ಬದಲಾಗುತ್ತವೆ: ಶೇಷಪರ್ವತ, ಕಲ್ಲುಮಂಟಪ, ಗಿರಿಗದ್ದೆ, ಆಮೇಲೆ ಐದಾರು ಕಿಲೋಮೀಟರು ದಟ್ಟ ಕಾಡು. ಗಿರಿಗದ್ದೆಯಿಂದ ಕುಕ್ಕೆಯವರೆಗಿನ ಈ ಭಾಗವನ್ನು ನಾನು ನಡೆದು ಬಲ್ಲೆ. ಮರದ ಬೇರುಗಳೇ ಮೆಟ್ಟಿಲು. ಗಿರಿಗದ್ದೆಯ ಬಯಲಿನಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿರುವಾಗ ಕಾಡಿನೊಳಗೆ ಆಗಲೇ ಸಂಜೆಯಾಗಿರುತ್ತದೆ. ಆನೆ ಓಡಾಡುವ ಕಾಡು. ಆದುದರಿಂದ ಪಂಚಾಂಗದ ಸೂರ್ಯಾಸ್ತಕ್ಕಿಂತ ಒಂದು ಗಂಟೆ ಮೊದಲೇ ಕಾಡಿನ ಸೂರ್ಯಾಸ್ತವೆಂದು ಎಣಿಸಬೇಕು.

ಇನ್ನು ಅನುಮತಿ. ಈ ಪ್ರದೇಶ ೧೯೮೭ರಿಂದ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದೆ. ೨೦೨೪ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಮಂದಿ ಒಮ್ಮೆಗೇ ಇಲ್ಲಿ ನೆರೆದು ಕಾಲುದಾರಿಯೇ ಜಾತ್ರೆಯಂತಾಯಿತು; ಅದರ ಪರಿಣಾಮವಾಗಿ, ಮುಂಗಡ ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳನ್ನು ಸರಕಾರ ತಾತ್ಕಾಲಿಕವಾಗಿ ಮುಚ್ಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದ ಮೂಲಕ ನೋಂದಣಿ ಆರಂಭವಾಗಿ, ಒಂದು ಪಥಕ್ಕೆ ದಿನಕ್ಕೆ ೩೦೦ ಮಂದಿಯ ಮಿತಿ ಗೊತ್ತಾಯಿತು. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ರೈಲಿನಲ್ಲಿ ಸೀಟಿಗೆ ಲೆಕ್ಕವಿರುವಂತೆ ಹುಲ್ಲುಗಾವಲಿಗೂ ಲೆಕ್ಕವಿರುವುದು ಒಳ್ಳೆಯದೇ. ಬೆಟ್ಟವನ್ನು ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುತ್ತೇವೆಂಬುದನ್ನು ನೋಂದಣಿಯ ಕಾಲಕ್ಕೇ ಇಲಾಖೆಗೆ ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಸಿಕ್ಕದಿದ್ದರೆ ಬೀದಳ್ಳಿಯಿಂದ ಹತ್ತಿ ಬೀದಳ್ಳಿಗೇ ಇಳಿದು, ಇನ್ನೊಂದು ರಾತ್ರಿ ಅಲ್ಲೇ ತಂಗಿ, ಮುಂಜಾನೆಯ ಬಸ್ಸಿಗೆ ಹಳ್ಳಿಯವರೊಡನೆ ಪೇಟೆಗೆ ಬರುವುದು ಎರಡನೆಯ ಯೋಜನೆ. ಎರಡು ಯೋಜನೆಗಳಿಲ್ಲದೆ ಬಸ್ಸಿನ ಪ್ರವಾಸಕ್ಕೆ ಹೊರಡಬಾರದು.

ಕಾಲವನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಜಾರು ಬಂಡೆ, ಇಂಬಳ; ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿಯ ಭಯದಿಂದ ಇಲಾಖೆ ದಾರಿ ಮುಚ್ಚುತ್ತದೆ. ನಡುವಣ ಮೂರು ನಾಲ್ಕು ತಿಂಗಳು ನಮ್ಮವು. ಅದರಲ್ಲಿಯೂ ಮಾರ್ಗಶಿರ ಶುದ್ಧ ಷಷ್ಠಿಯ ಸುತ್ತಿನ ದಿನಗಳನ್ನು ಬಿಡಬೇಕು. ಚಂಪಾಷಷ್ಠಿಯ ಜಾತ್ರೆಗೆ ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ತಂಗಲು ಜಾಗದ ಮಾತಂತೂ ದೂರ.

ನಕ್ಷೆಯ ವಿಷಯ ಹೇಳದಿದ್ದರೆ ಭೂಗೋಳದ ಅಧ್ಯಾಪಕರು ನನ್ನನ್ನು ಕ್ಷಮಿಸಲಾರರು. ಭಾರತೀಯ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ಸ್ಥಳಾಕೃತಿ ನಕ್ಷೆಗಳನ್ನು ೨೦೧೭ರಿಂದ ಜಾಲತಾಣದಲ್ಲಿ ಹಣವಿಲ್ಲದೆ ಇಳಿಸಿಕೊಳ್ಳಬಹುದಾಗಿದೆ. ಇದರಲ್ಲಿ ಎರಡು ಸೆಂಟಿಮೀಟರು ಒಂದು ಕಿಲೋಮೀಟರಿಗೆ ಸಮ. ಕಂದುಬಣ್ಣದ ಸಮೋನ್ನತಿ ರೇಖೆಗಳು ೨೦ ಮೀಟರು ಅಂತರದವು. ಮೂವತ್ತು ರೇಖೆ ದಾಟಿದರೆ ೬೦೦ ಮೀಟರು, ಅಂದರೆ ನೈಸ್ಮಿತ್ತನ ಒಂದು ಗಂಟೆ. ಪರೀಕ್ಷೆಯಲ್ಲಿ ಐದು ಅಂಕಕ್ಕಾಗಿ ನಾವು ಬಾಯಿಪಾಠ ಮಾಡಿದ ರೇಖೆಗಳನ್ನು ಎಣಿಸಿ ಊಟದ ಹೊತ್ತನ್ನು ಹೇಳಬಹುದೆಂದು ತಿಳಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ, ನಿಜ. ಬೆಟ್ಟದಲ್ಲಿ ಸಿಗ್ನಲ್ಲು ಬಿಟ್ಟು ಬಿಟ್ಟು ಬರುತ್ತದೆ, ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ಕಾಗದದ ಪ್ರತಿಯೊಂದು ಚೀಲದಲ್ಲಿರಲಿ.

ಬಸ್ಸಿನ ವೇಳೆಯನ್ನು ಮಾತ್ರ ಯಾವ ನಕ್ಷೆಯೂ ಹೇಳದು, ಬಾಯಿಬಿಟ್ಟು ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವುಂಟು. ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಪಟ್ಟಿಯನ್ನು ನೋಡಿ, ಅದನ್ನೇ ನಿಲ್ದಾಣದ ಕಂಟ್ರೋಲರರನ್ನು ಕೇಳಿ, ಆಮೇಲೆ ಅದನ್ನೇ ಬೀದಳ್ಳಿಯ ಕಡೆಯ ಅಂಗಡಿಯವರನ್ನು ಕೇಳಬೇಕು. ಮೂವರ ಉತ್ತರ ಒಂದೇ ಆದರೆ ನಂಬಬಹುದು. ಭಾನುವಾರ ಈ ಬಸ್ಸು ಉಂಟೇ, ಶಾಲೆಗೆ ರಜೆಯಿದ್ದಾಗ ಉಂಟೇ ಎಂಬೆರಡು ಪ್ರಶ್ನೆಗಳನ್ನು ಬಿಡಬಾರದು. ಮಕ್ಕಳಿಗಾಗಿ ಓಡುವ ಬಸ್ಸು ಮಕ್ಕಳಿಲ್ಲದ ದಿನ ಓಡಬೇಕೆಂಬ ನಿಯಮವಿಲ್ಲ; ನಮಗೆ ರಜೆಯಿರುವ ದಿನವೇ ಅವರಿಗೂ ರಜೆ. ಸಂತೆಯ ದಿನವನ್ನೂ ತಿಳಿದಿರಬೇಕು. ಹಾಸನದಿಂದ ಸೋಮವಾರಪೇಟೆಗೆ ಹೋಗುವಾಗ ಶನಿವಾರಸಂತೆ ಎಂಬ ಊರು ಸಿಕ್ಕುತ್ತದೆ. ಆ ಊರಿನ ಹೆಸರೇ ಒಂದು ವೇಳಾಪಟ್ಟಿ: ಶನಿವಾರ ಈ ದಾರಿಯಲ್ಲಿ ಮೂಟೆ, ಕೋಳಿಬುಟ್ಟಿ, ಜನ ಎಲ್ಲವೂ ಹತ್ತುತ್ತವೆ; ಬೆನ್ನಚೀಲದ ಹತ್ತು ವಿದ್ಯಾರ್ಥಿಗಳು ಅಂದು ಹತ್ತದಿರುವುದೇ ಲೇಸು. ಕೊಡಗಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಖಾಸಗಿ ಬಸ್ಸುಗಳು ಬಹಳ. ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲವಾದ್ದರಿಂದ ಹುಡುಗಿಯರೂ ಕೈಯಲ್ಲಿ ಚಿಲ್ಲರೆ ಇಟ್ಟುಕೊಂಡಿರಬೇಕು.

ಇಲ್ಲಿ ಒಂದು ಉಪಕಥೆ. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ಇದ್ದುದು ೧೨೦ ಬಸ್ಸುಗಳು. ೧೯೬೧ರ ಆಗಸ್ಟಿನಲ್ಲಿ ಅದು ನಿಗಮವಾಯಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಪೇಟೆಯ ಕಾಲೇಜಿಗೆ ಬರುವಂತಾದ ಚರಿತ್ರೆಯನ್ನು ಯಾರಾದರೂ ಬರೆದರೆ ಬೆಳಗ್ಗೆ ಏಳೂವರೆಯ ಬಸ್ಸಿಗೆ ಒಂದು ಅಧ್ಯಾಯ ಕೊಡಬೇಕಾದೀತು. ಆ ಬಸ್ಸು ಇಲ್ಲದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯುತ್ತಿದ್ದರು.

ಮೂರನೆಯ ದಿನದ್ದು ರೈಲು. ನಿಜವಾಗಿ ಯೋಜನೆಯನ್ನು ಹೆಣೆಯಬೇಕಾದುದು ಈ ತುದಿಯಿಂದಲೇ. ಏಕೆಂದರೆ ಬಸ್ಸು ಒಂದು ತಪ್ಪಿದರೆ ಇನ್ನೊಂದು ಬಂದೀತು, ಹಗಲು ಹೊತ್ತು ಘಟ್ಟ ಹತ್ತುವ ಗಾಡಿ ಮಾತ್ರ ದಿನಕ್ಕೊಂದೇ ಎಂದು ಎಣಿಸಬೇಕು. ವಾರದ ಬೇರೆ ಬೇರೆ ದಿನ ಬೇರೆ ಬೇರೆ ಗಾಡಿಗಳು. ರಾತ್ರಿಯ 'ಗಾಡಿ'ಗಳಲ್ಲಿ ಹೋದರೆ ಊರು ಸೇರಬಹುದು, ಘಟ್ಟ ಕಾಣುವುದಿಲ್ಲ. ಆದುದರಿಂದ ಗಾಡಿಯ ದಿನವನ್ನು ಮೊದಲು ಗೊತ್ತುಮಾಡಿ, ಅದರ ಹಿಂದಿನ ದಿನಕ್ಕೆ ಅರಣ್ಯದ ಅನುಮತಿ ಪಡೆದು, ಅದಕ್ಕೂ ಹಿಂದಿನ ದಿನ ಹಾಸನ ಬಿಡಬೇಕು.

ನಿಲ್ದಾಣದ ಹೆಸರು ಸುಬ್ರಹ್ಮಣ್ಯ ರೋಡ್. ರೈಲ್ವೆಯವರು ಊರಿನ ಹೆಸರಿನ ಮುಂದೆ 'ರೋಡ್' ಎಂದು ಸೇರಿಸಿದರೆ, ಊರು ಇಲ್ಲಿಲ್ಲ, ಇನ್ನೂ ರಸ್ತೆಯಲ್ಲಿ ಹೋಗಬೇಕು ಎಂದು ಅರ್ಥ. ನಿಲ್ದಾಣವಿರುವುದು ನೆಟ್ಟಣದಲ್ಲಿ, ಕುಕ್ಕೆಯಿಂದ ಸುಮಾರು ೧೨ ಕಿಲೋಮೀಟರು. ಬೆಳಗ್ಗೆ ಹೊಳೆಯನ್ನೂ ದೇವಸ್ಥಾನವನ್ನೂ ನೋಡಿಕೊಂಡು, ಗಾಡಿಗೆ ಒಂದೂವರೆ ಗಂಟೆ ಮೊದಲೇ ಬಸ್ಸು ಹಿಡಿಯಬೇಕು.

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳೂ ಅನೇಕ ಸೇತುವೆಗಳೂ ಇವೆ. ಏರು ೫೦ಕ್ಕೆ ೧. ಅಂದರೆ ಐವತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲಕ್ಕೆ. ಕೇಳುವುದಕ್ಕೆ ಅಲ್ಪ, ರೈಲಿಗೆ ಅದು ಪರ್ವತಾರೋಹಣವೇ ಸರಿ. ಗಾಡಿಯನ್ನು ಹಿಂದಿನಿಂದ ತಳ್ಳಲು ಬೇರೆ ಎಂಜಿನುಗಳನ್ನು ಜೋಡಿಸುತ್ತಾರೆ. ವೇಗ ಗಂಟೆಗೆ ೩೦ ಕಿಲೋಮೀಟರಿನ ಆಸುಪಾಸು. ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲು ಎಂದು ಒಂದೊಂದೇ ನಿಲ್ದಾಣ ಕಾಡಿನೊಳಗಿಂದ ಬಂದು ಹೋಗುತ್ತದೆ. ಹಿಂದಿನ ದಿನ ಐದೂಕಾಲು ಗಂಟೆಗಳಲ್ಲಿ ನಾವು ಕಾಲಿನಿಂದ ಇಳಿದ ಘಟ್ಟವನ್ನು ರೈಲು ಎರಡೂವರೆ ಗಂಟೆ ಹಿಡಿದು ಹತ್ತುವುದನ್ನು ಕಿಟಕಿಯಲ್ಲಿ ಕೂತು ನೋಡುವಾಗ ಅದರ ಮೇಲೆ ಒಂದು ಬಗೆಯ ಸಹಾನುಭೂತಿ ಹುಟ್ಟುತ್ತದೆ. ೨೦೨೧ರ ಜುಲೈಯಿಂದ ಈ ಮಾರ್ಗದಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿಗಳೂ ಓಡಿವೆ. ಸಾಮಾನ್ಯ ಡಬ್ಬಿಯ ಕಿಟಕಿಯಲ್ಲಿ ಕಾಣುವುದೂ ಅದೇ ಕಾಡು, ಜೊತೆಗೆ ಗಾಳಿಯೂ ಬರುತ್ತದೆ.

ಈ ಹಳಿಯ ಮೇಲೆಯೇ ನಡೆದು ಹೋಗುವ ಒಂದು ಗೀಳು ಹಿಂದೆ ಬಹಳವಾಗಿತ್ತು. ೧೯೭೯ರಲ್ಲಿ ಮೀಟರ್ ಗೇಜಾಗಿ ತೆರೆದ ಈ ಮಾರ್ಗವನ್ನು ಅಗಲ ಮಾಡಲು ೧೯೯೬ರಲ್ಲಿ ಮುಚ್ಚಿದಾಗ, ಗಾಡಿಯಿಲ್ಲದ ಹಳಿಯಲ್ಲಿ ಜನ ನಡೆಯತೊಡಗಿದರು. ಅದಕ್ಕೆ ಹಸಿರು ಮಾರ್ಗವೆಂದು ಹೆಸರೂ ಬಂತು. ೨೦೦೭ರ ಕೊನೆಗೆ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿದ ಮೇಲೂ ಗೀಳು ನಿಲ್ಲಲಿಲ್ಲ. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು ೧೯೮೯ರ ರೈಲ್ವೆ ಕಾಯಿದೆಯ ೧೪೭ನೆಯ ಕಲಮಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ತಿರುವಿನ ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲಲು ಎಲ್ಲ ಕಡೆಯೂ ಜಾಗವಿಲ್ಲ. ನಮ್ಮ ಯೋಜನೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಮಳೆಗಾಲದಲ್ಲಿ ಈ ರೈಲನ್ನು ನಂಬಿ ಯೋಜನೆ ಹಾಕಬಾರದೆಂಬುದಕ್ಕೂ ಆಧಾರವಿದೆ: ೨೦೧೮ರ ಆಗಸ್ಟಿನಲ್ಲಿಯೂ ೨೦೨೪ರ ಜುಲೈಯಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತ್ತು.

ಚೀಲದಲ್ಲಿ ಇರಬೇಕಾದುದು ಸ್ವಲ್ಪವೇ. ತಲೆಗೆ ಮೂರು ಲೀಟರು ನೀರು, ಏಕೆಂದರೆ ಹುಲ್ಲುಗಾವಲಿನ ಮೇಲೆ ನೆರಳೂ ಇಲ್ಲ, ನಂಬುವಂಥ ನೀರೂ ಇಲ್ಲ. ಬುತ್ತಿಗೆ ಚಪಾತಿ ಚಟ್ನಿಪುಡಿ, ಅಥವಾ ಹುಳಿಯನ್ನ. ಟಾರ್ಚು, ಉಪ್ಪು, ಬ್ಯಾಂಡೇಜು, ಗುರುತಿನ ಚೀಟಿ. ಪ್ಲಾಸ್ಟಿಕ್ ಒಯ್ಯದಿದ್ದರೆ ತಪಾಸಣೆಯ ಹೊತ್ತೂ ಉಳಿಯುತ್ತದೆ. ಹೊಸ ಬೂಟು ಬೇಡ. ದಿನವೂ ಬಸ್ ನಿಲ್ದಾಣದಿಂದ ಕಾಲೇಜಿಗೆ ನಡೆದು ಪಳಗಿದ ಹಳೆಯ ಬೂಟೇ ಸಾಕು, ಅಟ್ಟೆ ಸವೆದಿರಬಾರದು. ತಂಡ ಹತ್ತು ಮಂದಿಗಿಂತ ದೊಡ್ಡದಾಗಬಾರದು. ನಲವತ್ತು ಮಂದಿ ಒಮ್ಮೆಗೇ ಹತ್ತಿದರೆ ಆ ಸಂಜೆಯ ಬಸ್ಸಿನಲ್ಲಿ ಊರಿನ ಮಕ್ಕಳು ನಿಂತು ಹೋಗಬೇಕಾಗುತ್ತದೆ. ಅದು ಅವರ ಬಸ್ಸು. ನಾಲ್ಕು ತಂಡಗಳಾಗಿ ನಾಲ್ಕು ವಾರ ಹೋಗಲಿ, ಪ್ರತಿಯೊಂದರ ಜೊತೆಗೆ ಒಬ್ಬ ಅಧ್ಯಾಪಕರಿರಲಿ.

ಖರ್ಚಿನಲ್ಲಿ ದೊಡ್ಡದು ಎರಡು ರಾತ್ರಿಯ ವಸತಿ. ಬೀದಳ್ಳಿಯ ಕಡೆ ಹೋಂಸ್ಟೇಗಳಿವೆ. ಹತ್ತು ಮಂದಿಗೆಂದು ಮೊದಲೇ ಮಾತನಾಡಿದರೆ ಊಟ ಸೇರಿಸಿ ತಲೆಗೆ ಇಷ್ಟೆಂದು ಹೇಳುತ್ತಾರೆ. ಬಸ್ಸಿನ ಖರ್ಚು ಹುಡುಗರಿಗೆ ಮಾತ್ರ. ನಮ್ಮ ತರಗತಿಯ ಒಬ್ಬರು ಇದನ್ನು ಅನ್ಯಾಯವೆಂದು ಬಣ್ಣಿಸಿದರು. ಇದುವರೆಗಿನ ಪ್ರವಾಸಗಳಲ್ಲಿ ಬಾರದೆ ಉಳಿದವರ ಪಟ್ಟಿಯನ್ನು ಅವರಿಗೆ ತೋರಿಸಿದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಮನೆಯವರ ಒಪ್ಪಿಗೆಯೆಂಬುದು ಹುಡುಗಿಯರಿಗೆ ಅರಣ್ಯ ಇಲಾಖೆಯ ಅನುಮತಿಗಿಂತ ಕಠಿಣವಾದುದು. ನಮ್ಮ ತಾಯಿಯ ಮುಂದೆ ಪರ್ವತದ ಸೌಂದರ್ಯವನ್ನು ಎಷ್ಟು ವರ್ಣಿಸಿದರೂ ಪ್ರಯೋಜನವಿಲ್ಲ. ಅವಳು ಕೇಳುವುದು ಮೂರೇ: ರಾತ್ರಿ ಎಲ್ಲಿ ಮಲಗುತ್ತೀರಿ, ಜೊತೆಗೆ ಯಾರು, ವಾಪಸು ಬಸ್ಸು ಎಷ್ಟಕ್ಕೆ. ಈ ಮೂರಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ವಸತಿಯವರ ದೂರವಾಣಿ ಸಂಖ್ಯೆಯೊಡನೆ ಪ್ರತಿಯೊಬ್ಬರ ಮನೆಗೂ ಮುಂಚಿತವಾಗಿ ಕಳಿಸಬೇಕು. ಅಕ್ಷರ ಬಾರದ ಮನೆಗಳಿಗೆ ಓದಿ ಹೇಳುವವರು ಹೋಗಬೇಕು. ನನ್ನ ಅನುಭವದಲ್ಲಿ, ಬಸ್ಸಿನ ಹೊತ್ತನ್ನು ನಿಖರವಾಗಿ ಹೇಳಿದ ಮಗಳ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚು.

ಕೊನೆಯದಾಗಿ ಒಂದು ತೊಡಕು ಉಳಿಯುತ್ತದೆ. ಮಧ್ಯಾಹ್ನ ನೆಟ್ಟಣ ಬಿಟ್ಟ ಗಾಡಿ ಹಾಸನಕ್ಕೆ ಬರುವುದು ಸಂಜೆ. ಗಾಡಿ ಹೊತ್ತಿಗೆ ಬಂದರೂ, ನಮ್ಮಲ್ಲಿ ಹಲವರ ಊರಿಗೆ ಹೋಗುವ ಕೊನೆಯ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಅಂಥವರು ಆ ರಾತ್ರಿ ಹಾಸ್ಟೆಲಿನಲ್ಲಿಯೋ ಪೇಟೆಯಲ್ಲಿ ಮನೆಯಿರುವ ಗೆಳತಿಯರಲ್ಲಿಯೋ ಉಳಿಯಬೇಕಾಗುತ್ತದೆ. ಯಾರು ಯಾರಲ್ಲಿ ಎಂಬುದನ್ನು ಹೊರಡುವ ಮೊದಲೇ ಪಟ್ಟಿ ಮಾಡಿ, ವಾರ್ಡನ್ನರ ಸಹಿ ಪಡೆದಿಡತಕ್ಕದ್ದು. ಮರುದಿನ ಬೆಳಗ್ಗೆ ಊರಿಗೆ ಹೋಗುವ ಬಸ್ಸುಗಳು ಬಹುಮಟ್ಟಿಗೆ ಖಾಲಿಯಾಗಿರುತ್ತವೆ.